ಹೆಸರಿಲ್ಲದ ಸಾಲನ್ನು ಅಳಿಸದವಳು

ಬೆಳಕಿನ್ನೂ ಬಂದಿಲ್ಲ. ಕಾಲ್ದೇರಿಯ ಬಂದರಿನಲ್ಲಿ ಸಾಲ್ಮನ್ ದೋಣಿಗಳು ಗುರುಗುಡುತ್ತ ನಿಂತಿವೆ. ಹಳೆಯ ಬಲೆ ಗೋದಾಮಿನ ಅಟ್ಟದ ಕೋಣೆಯಲ್ಲಿ ಸ್ಟೇನ್ವೋರ್ ಮೈಮೇಲಿನ ಕೋಟನ್ನೂ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕೂತು ಒಂದು ಇಲ್ಲದ ಮನೆಯನ್ನು ಕಟ್ಟುತ್ತಿದ್ದಾರೆ.

ಮೇಲಿನ ಬೀದಿ, ಮನೆ ಸಂಖ್ಯೆ ಸೊನ್ನೆ. ಅಂಥ ಮನೆ ಊರಿನಲ್ಲಿಲ್ಲ. ಅದಕ್ಕೆ ಒಬ್ಬ ಅಜ್ಜನನ್ನು ಸೇರಿಸುತ್ತಾರೆ, ಕಿವಿ ಮಂದ ಎಂದು ಬರೆಯುತ್ತಾರೆ. ಒಬ್ಬ ಮಗಳನ್ನು ಸೇರಿಸಿ, ತೆಗೆದು, ಮತ್ತೆ ಸೇರಿಸುತ್ತಾರೆ. ಒಂದು ನಾಯಿ. ಕೊನೆಗೆ ಒಂದು ಕೂಸು. ಕೂಸಿನ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ‘ಇನ್ನೂ ಹೆಸರಿಟ್ಟಿಲ್ಲ’ ಎಂಬ ಪುಟ್ಟ ಚೌಕದಲ್ಲಿ ಗುರುತು. ‘ಉಳಿಸು’ ಎಂಬಲ್ಲಿ ಒತ್ತಿ ಕೈಕಟ್ಟಿ ಕಾಯುತ್ತಾರೆ. ಪುಟ ಮತ್ತೆ ತೆರೆದುಕೊಳ್ಳುತ್ತದೆ. ಅಜ್ಜ ಇದ್ದಾನೆ. ಮಗಳಿದ್ದಾಳೆ. ನಾಯಿ ಇದೆ. ತೀರಾ ಕೆಳಗೆ, ಹೆಸರಿಲ್ಲದ ಸಾಲೂ ಇದೆ.

ಆಗ ಕೋಟು ಬಿಚ್ಚಿ ಮೊಳೆಗೆ ಹಾಕುತ್ತಾರೆ. ಕಾಫಿ ಬಸಿದುಕೊಳ್ಳುತ್ತಾರೆ.

ಇದು ದಿನದ ಮೊದಲ ಕೆಲಸ. ಇದನ್ನು ಮಾಡು ಎಂದು ಅವರಿಗೆ ಯಾರೂ ಹೇಳಿಲ್ಲ. ಪುರಸಭೆಯಲ್ಲಿ ಇದಕ್ಕೊಂದು ಹೆಸರಿಲ್ಲ. ಎಲ್ಲೋ ಯಾವುದೋ ದೇಶದಲ್ಲಿ ಯಾರೋ ರಾತ್ರಿ ಈ ಪುಟ ನಿಂತಿರುವ ತಂತ್ರಾಂಶದಲ್ಲಿ ಒಂದು ಸಣ್ಣ ತಿರುಪು ತಿರುಗಿಸಿರುತ್ತಾರೆ, ಬೆಳಗಾಗುವುದರೊಳಗೆ ಇಲ್ಲಿ ಒಂದು ಸಾಲು ಕಾಣೆಯಾಗಿರುತ್ತದೆ. ಅವರ ಭಯ ಅಷ್ಟೇ. ಹಾಗಾಗಿ ಸೊನ್ನೆ ನಂಬರಿನ ಮನೆಯನ್ನು ಪ್ರತಿ ಬೆಳಗೂ ಕಟ್ಟಿ, ತುಂಬಿ, ಕಣ್ಣಾರೆ ನೋಡಿ, ಕೆಡವುತ್ತಾರೆ.

ಕಾಲ್ದೇರಿಯವರಿಗೆ ಆ ಪುಟ ಯಾವುದೆಂದು ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಗುಡ್ಡದ ಬುಡದಲ್ಲಿರುವ ಮೇಲಿನ ಬೀದಿಯವರು ಚಳಿಗಾಲ ಪೂರ್ತಿ ತಮ್ಮ ಫೋನಿನಲ್ಲಿ ಅದನ್ನು ತೆರೆದು, ಇವತ್ತು ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ತುಂಬುತ್ತಾರೆ. ಹಿಮ ಜಾರುವ ಸೂಚನೆ ಬಂದ ದಿನ ರಕ್ಷಣಾ ತಂಡ ಬೀದಿಯನ್ನು ಖಾಲಿ ಮಾಡಿಸಿ, ಎಲ್ಲರನ್ನೂ ಶಾಲೆಯ ಆಟದ ಹಾಲ್‌ಗೆ ತಂದು, ಒಬ್ಬೊಬ್ಬರ ಎದುರೂ ಗುರುತು ಹಾಕುತ್ತದೆ. ಮನೆಯ ಎಲ್ಲ ಸಾಲಿಗೂ ಗುರುತು ಬಿದ್ದಾಗ ಆ ಮನೆ ಕೆಂಪಿನಿಂದ ಹಸಿರಾಗುತ್ತದೆ. ಎಲ್ಲ ಮನೆ ಹಸಿರಾದರೆ ಬೀದಿ ಮುಚ್ಚುತ್ತದೆ. ಆಮೇಲೆ ಯಾರೂ, ಯಾವ ಕಾರಣಕ್ಕೂ, ಮೇಲೆ ಹೋಗುವಂತಿಲ್ಲ. ಯಾರು ಯಾವ ವಿಳಾಸಕ್ಕೆ ಸೇರಿದವರು ಎಂದು ದೇಶದ ನೋಂದಣಿ ಕಚೇರಿಗೆ ಗೊತ್ತಿದೆ. ಯಾರು ಇವತ್ತು ಯಾರ ಅಡುಗೆಮನೆಯಲ್ಲಿ ಕೂತಿದ್ದಾರೆ ಎಂದು ಗೊತ್ತಿಲ್ಲ. ಹಿಮ ವಿಳಾಸ ನೋಡಿ ಬೀಳುವುದಿಲ್ಲ.

ಈ ಪುಟವನ್ನು ಕಟ್ಟಿದವರು, ಕಾಯುತ್ತಿರುವವರು ಸ್ಟೇನ್ವೋರ್. ವಯಸ್ಸು ಐವತ್ತೆಂಟು. ಊರಿನ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ. ಪುಟ ತಾನಾಗಿ ಬೆಳೆದದ್ದು ಎಂದುಕೊಂಡಿದ್ದಾರೆ, ಕಲ್ಲಿನ ಮೇಲೆ ಪಾಚಿ ಬೆಳೆದ ಹಾಗೆ.

ಅವರ ಕೈಗಳನ್ನು ನೋಡಿದರೆ ಅವು ಕೀಲಿಮಣೆಗೆ ಹುಟ್ಟಿದ ಕೈಗಳಲ್ಲ ಎಂದು ಗೊತ್ತಾಗುತ್ತದೆ. ಮದುವೆಗೆ ಮೊದಲಿನಿಂದ ಶೈತ್ಯಾಗಾರದಲ್ಲಿ ಮೀನು ಕೊಯ್ದ ಕೈಗಳು. ಗಾಜಿನ ಕೆಳಗೆ ದೀಪವಿರುವ ಮೇಜಿನ ಮೇಲೆ ಕಾಡ್ ಎಂಬ ಮೀನಿನ ತೆಳು ಹೋಳನ್ನು ಹರಡಿ, ಬೆಳಕಿನಲ್ಲಿ ಕಾಣುವ ಮುಳ್ಳನ್ನೂ ಹುಳವನ್ನೂ ಹೆಕ್ಕಿ ತೆಗೆಯುವುದು ಅವರ ಕೆಲಸವಾಗಿತ್ತು. ಮೀನು ಹಿಡಿಯುವ ಹಕ್ಕನ್ನು ಮಾಲೀಕರು ದಕ್ಷಿಣದವರಿಗೆ ಮಾರಿಕೊಂಡರು. ಮೇಜಿನ ದೀಪಗಳು ಆರಿದವು. ಊರಿನ ಹೆಂಗಸರು ಒಂದು ಚಳಿಗಾಲ ಪೂರ್ತಿ ಉಣ್ಣೆ ಹೆಣೆಯುತ್ತ, ಬೈಯುತ್ತ ಕಳೆದರು. ಸ್ಟೇನ್ವೋರ್ ಬೈಯುತ್ತಲೇ ಪುರಸಭೆ ನಡೆಸಿದ ಸಂಜೆ ತರಗತಿಗೆ ಸೇರಿಕೊಂಡರು. ಮೊದಮೊದಲು ಸೇರಿದ್ದವರು ಬಹಳ ಜನ. ವಸಂತಕ್ಕೆ ಉಳಿದವರು ಅವರೊಬ್ಬರೇ. ಮೇಷ್ಟ್ರು ಪರದೆಯ ಮೇಲೆ ಎಲ್ಲೋ ದೂರದಲ್ಲಿದ್ದರು, ಕ್ಲಾಸು ಮುಗಿಯುವ ತನಕ ಕಾಫಿ ಕುಡಿಯಲೂ ಬಿಡುತ್ತಿರಲಿಲ್ಲವಂತೆ.

ಜಾಲತಾಣ ಕಟ್ಟಲು ಸಿದ್ಧ ಚೌಕಟ್ಟುಗಳಿರುತ್ತವೆ. ಮನೆ ಕಟ್ಟುವವನು ಕಿಟಕಿಯನ್ನು ತಾನೇ ಕೆತ್ತದೆ ಅಂಗಡಿಯಿಂದ ತರುವ ಹಾಗೆ, ಹತ್ತು ಜನ ಮಾಡಿ ಸವೆಸಿದ್ದನ್ನು ತಂದು ಜೋಡಿಸುತ್ತಾರೆ. ಅದರಲ್ಲಿ ಸ್ಟೇನ್ವೋರ್ ಕೈ ಪಳಗಿದ್ದು ಒಂದರಲ್ಲಿ: ಒಂದು ಫಾರಂನ ಹೊಟ್ಟೆಯಲ್ಲಿ ಇನ್ನೊಂದು ಫಾರಂ ಇಡುವುದರಲ್ಲಿ. ಅದೇನೆಂದು ಕೇಳಿದರೆ ಬಿಸ್ಕತ್ತಿನ ತಗಡಿನ ಡಬ್ಬವನ್ನು ಎಳೆದುಕೊಂಡು ತೋರಿಸುತ್ತಾರೆ.

“ದೊಡ್ ಡಬ್ಬಿ ಮನೆ. ಒಳಗಿರೋ ಸಣ್ ಡಬ್ಬಿಗಳು ಜನ. ಒಬ್ಬೊಬ್ಬರೊಳಗೂ ಮತ್ತೆ ಪುಟ್ಟ ಪುಟ್ಟ ಡಬ್ಬಿ, ಔಷಧಿ, ಊರುಗೋಲು, ಗಾಲಿಕುರ್ಚಿ. ಮುಚ್ಚೋವಾಗ ಎಲ್ಲಾ ಒಟ್ಟಿಗೇ ಮುಚ್ಚಬೇಕು. ಒಂದು ತಪ್ಪಿದ್ರೆ ಯಾವ್ದೂ ಮುಚ್ಚಬಾರದು. ಮನೆ ಉಳೀತು, ಜನ ಉಳೀಲಿಲ್ಲ ಅಂದ್ರೆ ಆ ಮನೆ ಇಟ್ಕೊಂಡು ಏನ್ ಮಾಡ್ತೀಯ?”

ಕೊನೆಯ ಮಾತನ್ನು ಅವರು ಕಿಟಕಿಯ ಕಡೆ ನೋಡುತ್ತ ಹೇಳುತ್ತಾರೆ. ಕಿಟಕಿಯ ತುಂಬ ಗುಡ್ಡವಿದೆ.

ಅವರು ಹುಟ್ಟಿದ್ದು ಪಕ್ಕದ ಫ್ಯೋರ್ಡ್‌ನಲ್ಲಿ, ಆ ಕಡಲತೋಳಿನ ದಡದ, ಈಗ ಯಾರೂ ವಾಸವಿಲ್ಲದ ಊರಿನಲ್ಲಿ. ಅವರು ಹುಡುಗಿಯಾಗಿದ್ದಾಗ ಅಲ್ಲಿ ಹಿಮ ಬಂತು. ಗಂಡಸರು ಕೋಲು ಚುಚ್ಚುತ್ತ ಹುಡುಕಿದರು. ಒಂದು ಮನೆಯ ಯಜಮಾನನಿಗಾಗಿ ಎರಡು ಹಗಲು ಅಗೆದರು. ಅವನು ಹಿಂದಿನ ದಿನವೇ ದೋಣಿ ಹತ್ತಿ ಹೋಗಿದ್ದ. ಸ್ಟೇನ್ವೋರ್ ಅವರ ಚಿಕ್ಕಮ್ಮ ಹೊಲಿಗೆ ಯಂತ್ರ ಕೇಳಲು ಅದೇ ಬೀದಿಯ ಇನ್ನೊಂದು ಮನೆಗೆ ಹೋಗಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ. ಆ ಮನೆಯವರು ಮೊದಲೇ ಸಿಕ್ಕಿದ್ದರಿಂದ ಅಲ್ಲಿ ಅಗೆಯುವುದು ನಿಲ್ಲಿಸಿದ್ದರು. ಚಿಕ್ಕಮ್ಮ ಸಿಕ್ಕಿದ್ದು ಹಿಮ ಕರಗಿದ ಮೇಲೆ. ಇದನ್ನು ಹೇಳುವಾಗ ಅವರು ಸಕ್ಕರೆ ಅಚ್ಚನ್ನು ಹಲ್ಲಲ್ಲಿ ಕಚ್ಚಿ ಕಾಫಿ ಹೀರುತ್ತಾರೆ. ಹೆಚ್ಚು ಮಾತಾಡಬಾರದು ಎಂದಾಗಲೆಲ್ಲ ಹೀಗೆ ಮಾಡುತ್ತಾರೆ.

ಅಂಥವರೂ ತಪ್ಪು ಮಾಡಿದರು. ಎರಡು ಸಲ ಮಾಡಿದರು. ಅವರೇ ಹೇಳಿದ್ದನ್ನು ಮುಚ್ಚಿಡಲು ನಾನು ಯಾರು.

ಮೊದಲನೆಯ ತಪ್ಪು ಲೋಕವೆಲ್ಲ ಮಾಡುವಂಥದ್ದು. ಇಂಥ ಫಾರಂಗಳ ತಳದಲ್ಲಿ ಒಂದೆರಡು ಖಾಲಿ ಸಾಲುಗಳನ್ನು ಬಿಟ್ಟಿರುತ್ತಾರೆ, ಇನ್ನೊಬ್ಬರನ್ನು ಸೇರಿಸುವುದಿದ್ದರೆ ಇರಲಿ ಎಂದು. ಯಾರೂ ತುಂಬದಿದ್ದರೆ ಅವನ್ನು ಎಸೆಯಬೇಕಲ್ಲ. ಅದಕ್ಕೆ ಚೌಕಟ್ಟಿನಲ್ಲಿ ಒಂದೇ ಗೆರೆಯ ಆಜ್ಞೆ ಇದೆ. ಹೆಸರು ಖಾಲಿಯಿದ್ದರೆ ಸಾಲನ್ನು ಬಿಸಾಡು. ಎಲ್ಲರೂ ಬರೆಯುತ್ತಾರೆ, ಸ್ಟೇನ್ವೋರ್ ಕೂಡ ಬರೆದರು. ಆದರೆ ನಮ್ಮಲ್ಲಿ ಕೂಸಿಗೆ ಹುಟ್ಟಿದ ದಿನವೇ ಹೆಸರಿಡುವುದಿಲ್ಲ. ಜ್ಞಾನಸ್ನಾನದ ತನಕ ಹುಡುಗ, ಹುಡುಗಿ, ಉಂಡೆ, ಮರಿ, ಬಾಯಿಗೆ ಬಂದದ್ದು. ಇಡಬೇಕಾದ ಹೆಸರು ಅಪ್ಪ ಅಮ್ಮನಿಗೆ ಗೊತ್ತಿದ್ದರೂ ಪಾದ್ರಿ ನೀರು ಹಾಕುವ ತನಕ ತುಟಿ ಬಿಚ್ಚುವುದಿಲ್ಲ, ಎಲ್ಲೂ ಬರೆಯುವುದೂ ಇಲ್ಲ. ತಿಂಗಳುಗಟ್ಟಲೆ ಹೀಗೆಯೇ. ಅದು ನಮಗೆ ಉಸಿರಾಟದಷ್ಟು ಸಹಜ. ಸಹಜವಾದ್ದರಿಂದಲೇ ಅವರಿಗೆ ಹೊಳೆಯಲಿಲ್ಲ.

ಬಂದರು ಕಾವಲುಗಾರನ ಹೆಂಡತಿ ಅಂಗಡಿಯಲ್ಲಿ ಅಡ್ಡಹಾಕಿ, ನಿನ್ನ ಪುಟ ನನ್ನ ಮಗನನ್ನು ನುಂಗುತ್ತಿದೆ ಎಂದಳು. ನೀನು ‘ಉಳಿಸು’ ಒತ್ತುವುದನ್ನು ಮರೆಯುತ್ತಿದ್ದೀ ಎಂದು ಸ್ಟೇನ್ವೋರ್ ಅವಳಿಗೇ ಬುದ್ಧಿ ಹೇಳಿ ಕಳಿಸಿದರು. ಅವಳು ಮತ್ತೆ ಬಂದಳು. ಮತ್ತೆ ಬುದ್ಧಿ ಹೇಳಿದರು. ಕೊನೆಗೊಂದು ದಿನ ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಟ್ಟ ಹತ್ತಿ ಬಂದು, ಎದುರಲ್ಲೇ ತುಂಬಿ, ಒತ್ತಿ, ತೋರಿಸಿದಳು. ಸಾಲು ಮಾಯ. “ಬೈಲಿಲ್ಲ, ಕೆಮ್ಮಲಿಲ್ಲ, ಕೆಂಪಕ್ಷರದಲ್ಲಿ ಒಂದ್ ಮಾತು ಹೇಳ್ಲಿಲ್ಲ. ನುಂಗಿ ಸುಮ್ನೆ ಕೂತ್ಕೊಂತು,” ಎನ್ನುತ್ತಾರೆ ಸ್ಟೇನ್ವೋರ್. “ಆ ಹುಡುಗ ನನ್ನೇ ನೋಡ್ತಾ ಇದ್ದ ಕಣೋ. ಇದ್ದಾನೆ, ಉಸಿರಾಡ್ತಾ ಇದ್ದಾನೆ. ಪರದೆ ಮೇಲೆ ಇಲ್ಲ.”

ಆ ಗೆರೆಯನ್ನು ಕಿತ್ತುಹಾಕಿದರು. ‘ಇನ್ನೂ ಹೆಸರಿಟ್ಟಿಲ್ಲ’ ಎಂಬ ಚೌಕ ಬಂದದ್ದು ಆಗ. ಎರಡನೆಯ ತಪ್ಪು ಇದರ ಹಿಂದೆಯೇ ಬಂತು. ಜ್ಞಾನಸ್ನಾನ ಮುಗಿದು ಮನೆಯವರು ಹೆಸರು ತುಂಬಿದಾಗ, ಅದು ಹಳೆಯ ಸಾಲಿಗೇ ಹೋಗಿ ಕೂರಬೇಕು. ಪ್ರತಿ ಸಾಲಿಗೂ ಕಣ್ಣಿಗೆ ಕಾಣದ ಒಂದು ಸಂಖ್ಯೆ ಇರುತ್ತದೆ. ಯಂತ್ರಕ್ಕೆ ಮನುಷ್ಯನ ಗುರುತು ಅದು, ಹೆಸರಲ್ಲ. ಅದನ್ನು ಜೊತೆಗೆ ಕಳಿಸಲು ಅವರು ಮರೆತಿದ್ದರು. ಯಂತ್ರ ಇದು ಯಾರೋ ಹೊಸಬರು ಎಂದುಕೊಂಡು ಇನ್ನೊಂದು ಸಾಲು ಹುಟ್ಟಿಸಿತು. ಮನೆಯಲ್ಲೀಗ ಎರಡು ಕೂಸು, ಒಂದಕ್ಕೆ ಹೆಸರುಂಟು, ಒಂದಕ್ಕಿಲ್ಲ. ಶರತ್ಕಾಲದಲ್ಲಿ ಬೀದಿ ಖಾಲಿ ಮಾಡಿಸುವ ಕವಾಯತಿನ ದಿನ ರಕ್ಷಣಾ ತಂಡದವರು ಆ ಇಲ್ಲದ ಕೂಸಿಗಾಗಿ ದೋಣಿಗಳ ಅಡಿ, ಕೊಟ್ಟಿಗೆಗಳ ಹಿಂದೆ ತಡಕಾಡಿದರು. ಇದ್ದ ಕೂಸು ಅಮ್ಮನ ತೊಡೆಯ ಮೇಲೆ ಬಿಸ್ಕತ್ತು ಚೀಪುತ್ತಿತ್ತು.

ತಂಡದ ಮುಖ್ಯಸ್ಥ ಕೋಲ್‌ಬೇನ್, ಉಳಿದ ದಿನಗಳಲ್ಲಿ ಹಿಮ ಬಾಚುವ ಗಾಡಿ ಓಡಿಸುವವನು, ಅದನ್ನು ಮರೆಯಲಿಲ್ಲ. ಕಂಡಾಗಲೆಲ್ಲ ನಿನ್ನ ಭೂತ ಚೆನ್ನಾಗಿದೆಯಾ, ಹಲ್ಲು ಬಂತಾ, ಶಾಲೆಗೆ ಸೇರಿಸಿದೆಯಾ ಎಂದು ಕೇಳುತ್ತಿದ್ದ. ಸ್ಟೇನ್ವೋರ್ ತಪ್ಪು ತಿದ್ದಿದರು. ನಗೆ ನಿಲ್ಲಲಿಲ್ಲ. ಊರು ಹೀಗೆಯೇ. ತಿದ್ದಿದ್ದನ್ನು ನೆನಪಿಡುವುದಿಲ್ಲ.

ಇನ್ನು ಫೆಬ್ರವರಿಯ ಆ ಬೆಳಗು.

ಕೆಳಗೆ ಗಾಳಿಯೇ ಇರಲಿಲ್ಲ. ಮೇಲೆ ಗುಡ್ಡದ ಅಂಚಿನಲ್ಲಿ ಮಾತ್ರ ಹಿಮ ಹೊಗೆಯ ಹಾಗೆ ಹಾರುತ್ತಿತ್ತು. ಆ ನೋಟ ಬಲ್ಲವರು ಆಗಲೇ ಬೂಟು ಹಾಕಿಕೊಂಡಿದ್ದರು. ಹವಾಮಾನದವರ ಸೂಚನೆ ಬಂದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ತಂಡ ಬಾಗಿಲಿಂದ ಬಾಗಿಲಿಗೆ ಹೋಯಿತು. ಜನ ಒಗ್ಗಿದವರು, ಔಷಧಿ, ಚಾರ್ಜರ್, ನಾಯಿ ಹಿಡಿದುಕೊಂಡು ಎದ್ದು ಬಂದರು. ಹಾಲ್‌ನಲ್ಲಿ ಕಾಫಿ ಇತ್ತು, ಯಾರೋ ಎಣ್ಣೆಯಲ್ಲಿ ಕರಿದ ಕ್ಲೇನುರ್ ಎಂಬ ಸಿಹಿ ತಿಂಡಿ ತಂದಿದ್ದರು. ಕೋಲ್‌ಬೇನ್ ಬೆಂಚಿನ ಮೇಲೆ ನಿಂತು ಒಂದೊಂದೇ ಹೆಸರು ಕೂಗಿದ. ಹೆಸರು ಕೂಗಿದಾಗ ಜನ ‘ಸತ್ತಿಲ್ಲ ಕಣೋ’, ‘ಇಲ್ಲೇ ಇದ್ದೀನಿ’ ಎಂದೆಲ್ಲ ಉತ್ತರ ಕೊಟ್ಟರು. ಕೂಗಿದ ಎಲ್ಲ ಹೆಸರಿಗೂ ಉತ್ತರ ಬಂತು. ಸಮುದ್ರದ ಮೇಲಿದ್ದವರಿಗೆ, ಸಾಲ್ಮನ್ ಮೀನಿನ ಕಾರ್ಖಾನೆಯ ಪಾಳಿಯಲ್ಲಿದ್ದವರಿಗೆ ಬೇರೆ ಗುರುತು ಬಿತ್ತು. ಅವನು ಅಟ್ಟಕ್ಕೆ ಫೋನ್ ಮಾಡಿ ಎಲ್ಲ ಬಂದಾಯಿತು, ಬೀದಿ ಮುಚ್ಚು ಎಂದ.

ಅಟ್ಟದ ಪರದೆಯಲ್ಲಿ ಒಂದು ಮನೆ ಕೆಂಪಾಗಿತ್ತು. ವಿಧವೆ ಗ್ರೋವಾ ಅವರ ಮನೆ. ಅಲ್ಲಿ ಅವರು, ಮಗಳು ಸೋಲೇ, ಅಳಿಯ. ಗ್ರೋವಾ ಹಾಲ್‌ನಲ್ಲಿದ್ದಾರೆ, ಸೋಲೇ ಕಾರ್ಖಾನೆಯಲ್ಲಿ, ಅಳಿಯ ಸಮುದ್ರದಲ್ಲಿ. ಮೂವರಿಗೂ ಗುರುತು ಬಿದ್ದಿತ್ತು. ಅವರ ಕೆಳಗೆ ಗುರುತಿಲ್ಲದ, ಹೆಸರಿಲ್ಲದ ಒಂದು ಸಾಲು.

ಹೆಸರಿಲ್ಲದ್ದನ್ನು ಯಾರು ಕೂಗುತ್ತಾರೆ?

ಕೋಲ್‌ಬೇನ್‌ಗೆ ಸಿಟ್ಟು ಬಂತು. ಅವನ ಸಿಟ್ಟು ಸುಳ್ಳಲ್ಲ, ಅದನ್ನೂ ಬರೆಯಬೇಕು. ಬೀದಿ ಮುಚ್ಚದ ಹೊರತು ಅವನ ತಂಡ ಗುಡ್ಡದ ಬುಡದ ಚೌಕಿ ಬಿಟ್ಟು ಬರುವಂತಿರಲಿಲ್ಲ. ಅಲ್ಲಿದ್ದವರೂ ಯಾರದೋ ಮಕ್ಕಳು. ಒಂದು ಖಾಲಿ ಸಾಲಿಗಾಗಿ ಇನ್ನಿಬ್ಬರನ್ನು ಆ ಹಿಮದ ಕೆಳಗೆ ಕಳಿಸಿ, ಅದು ಮತ್ತೆ ಯಂತ್ರದ ಭೂತವೇ ಆಗಿದ್ದರೆ? ಅವನು ಫೋನಿನಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕಾಫಿ ಹಿಡಿದು ನಿಂತವರೆಲ್ಲ ಕೇಳಿಸಿಕೊಂಡರು.

“ಅದು ಖಾಲಿ ಸಾಲು ಕಣೇ ಮಾರಾಯ್ತಿ. ಹೋದ ಸಲ ಹಿಂಗೇ ಕುಣಿಸಿದ್ದೀಯ. ಅಳಿಸು.”

“ಅಳಿಸಲ್ಲ.”

“ನನ್ ಹುಡುಗರು ಅಲ್ಲಿ ನಿಂತಿದ್ದಾರೆ, ಸ್ಟೇನ್ವೋರ್.”

ಅವರು ಆ ಕ್ಷಣ ಏನು ಮಾಡಿದರು ಎಂದು ಕೇಳಿದೆ. ದೊಡ್ಡದೇನಿಲ್ಲ ಎಂದರು. ತಾನು ತಿದ್ದಿದ್ದು ನಿಜವಾಗಿಯೂ ತಿದ್ದಿಕೊಂಡಿದೆಯೇ ಎಂಬ ಅನುಮಾನ ಅವರಿಗೂ ಇತ್ತು. ಭೂತವಾದರೆ ಅದರ ಜೊತೆಗೆ ಹೆಸರಿರುವ ಇನ್ನೊಂದು ಸಾಲಿರಬೇಕು. ಗ್ರೋವಾ ಮನೆಯಲ್ಲಿ ಅಂಥದ್ದಿರಲಿಲ್ಲ. ಆದರೆ ಹೆಸರಿನ ಸಾಲನ್ನು ಯಾರಾದರೂ ಕೈತಪ್ಪಿ ತೆಗೆದುಹಾಕಿದ್ದರೆ? ಯಂತ್ರವನ್ನು ಎಷ್ಟು ಕೇಳಿದರೂ ಅದಕ್ಕೆ ಗೊತ್ತಿರುವುದು ಅಷ್ಟೇ. ಹಾಗಾಗಿ ಯಂತ್ರವನ್ನು ಬಿಟ್ಟು ಊರನ್ನು ಕೇಳಿದರು.

“ಕೋಲ್‌ಬೇನ್, ಸೋಲೇ ಮಗೂದು ಜ್ಞಾನಸ್ನಾನದ ಕೇಕ್ ತಿಂದಿದ್ದೀಯ ನೀನು?”

ಇಲ್ಲಿ ಜ್ಞಾನಸ್ನಾನವಾದರೆ ಊರಿಗೆ ಊರೇ ಕೇಕ್ ತಿನ್ನುತ್ತದೆ. ಕೋಲ್‌ಬೇನ್ ತಿನ್ನದೆ ಬಿಟ್ಟ ಕೇಕ್ ಇಲ್ಲ.

“ಇಲ್ಲ,” ಎಂದ.

“ಹಂಗಾದ್ರೆ ಹೆಸರಿಟ್ಟಿಲ್ಲ. ಹೆಸರಿಟ್ಟಿಲ್ಲ ಅಂದ್ರೆ ಅದು ಭೂತ ಅಲ್ಲ. ಗ್ರೋವಾನ ಕೇಳು, ಕೂಸೆಲ್ಲಿ ಅಂತ.”

ಅವನು ಬೆಂಚಿನಿಂದ ಇಳಿದು ಹೋಗಿ ಕೇಳಿದ. ಗ್ರೋವಾ ಕಾಫಿಯಿಂದ ತಲೆಯೆತ್ತಿ, ಬೊಜೇನಾ ಹತ್ತಿರ ಎಂದರು. ಬೊಜೇನಾ ಪಕ್ಕದ ಮನೆಯ ಪೋಲಿಷ್ ಹೆಂಗಸು, ಹಾಲ್‌ನ ಇನ್ನೊಂದು ತುದಿಯಲ್ಲಿ ಮಕ್ಕಳ ಬೂಟು ಒಣಗಿಸುತ್ತಿದ್ದಳು. ಅವಳು ನಗುನಗುತ್ತಲೇ, ಅಜ್ಜಿ ಹತ್ತಿರ ಅಲ್ವಾ, ಎಂದಳು. ಅವಳ ನಗು ಮುಖದ ಮೇಲೆಯೇ ನಿಂತುಹೋದದ್ದನ್ನು ಕಂಡವರು ಇನ್ನೂ ಮರೆತಿಲ್ಲ.

ಸೋಲೇ ಬೆಳಗಿನ ಪಾಳಿಗೆ ಹೋಗುವ ಮೊದಲು ಮಗುವನ್ನು ಹೊದಿಸಿ, ಕೂಸಿನ ತಳ್ಳುಗಾಡಿಯಲ್ಲಿ ಮಲಗಿಸಿ, ಹೊರಗೆ ಬಿಟ್ಟು ಹೋಗಿದ್ದಳು. ನಾವೆಲ್ಲ ಹಾಗೆ ಹೊರಗಿನ ತಣ್ಣನೆ ಗಾಳಿಯಲ್ಲಿ ಮಲಗಿ ಬೆಳೆದವರೇ. ಎರಡು ಮನೆಗಳ ನಡುವಿನ ಸಂದಿಯಲ್ಲಿ ಗಾಳಿ ತಾಗುವುದಿಲ್ಲ. ಗಾಡಿ ಯಾವಾಗಲೂ ಅಲ್ಲೇ. ಒಂದು ಕಿಟಕಿಯಿಂದ ಅಜ್ಜಿ, ಇನ್ನೊಂದರಿಂದ ಬೊಜೇನಾ, ಯಾರು ಎದ್ದಿರುತ್ತಾರೋ ಅವರು ನೋಡಿಕೊಳ್ಳುವುದು. ತಂಡದವರು ಈ ಬಾಗಿಲಲ್ಲಿ ಒಬ್ಬರು, ಆ ಬಾಗಿಲಲ್ಲಿ ಒಬ್ಬರು ಬಂದು ಕರೆದರು. ಪಕ್ಕದ ಮನೆ ಖಾಲಿಯಾಯಿತು ಎಂದು ಇಬ್ಬರಿಗೂ ಹೇಳಿದರು. ಕೂಸನ್ನು ಪಕ್ಕದವರು ಎತ್ತಿಕೊಂಡು ಹೋಗಿದ್ದಾರೆ ಎಂದು ಇಬ್ಬರೂ ತಿಳಿದರು. ಇಬ್ಬರು ಕಾಯುವ ಕೂಸನ್ನು ಯಾರೂ ಕಾಯಲಿಲ್ಲ.

ಕೋಲ್‌ಬೇನ್ ಯಾರನ್ನೂ ಕಳಿಸಲಿಲ್ಲ. ಹಿಮಗಾಡಿ ಹತ್ತಿ ತಾನೇ ಹೋದ. ಅವನು ಹೋಗಿ ಬರುವ ತನಕ ಹಾಲ್‌ನಲ್ಲಿ ಯಾರೂ ಕೂರಲಿಲ್ಲ. ಗ್ರೋವಾ ಗೋಡೆಗೆ ಮುಖ ಮಾಡಿ ನಿಂತಿದ್ದರು, ಬೊಜೇನಾ ಅವರ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. ಅಟ್ಟದಲ್ಲಿ ಸ್ಟೇನ್ವೋರ್ ಕಿಟಕಿಯ ಕಡೆ ಬೆನ್ನು ಮಾಡಿ ಕೂತಿದ್ದರಂತೆ. ಗುಡ್ಡ ನೋಡಿದರೆ ಅದು ಜಾರುತ್ತದೆ ಎಂದು ಅನಿಸಿತಂತೆ, ಹುಡುಗಿಯಾಗಿದ್ದಾಗ ಅನಿಸುತ್ತಿದ್ದ ಹಾಗೆ.

ಕೂಸಿನ ಗಾಡಿಯ ಮುಸುಕಿನ ಮೇಲೆ ತೆಳ್ಳಗೆ ಹಿಮದ ಪುಡಿ ಬಿದ್ದಿತ್ತು. ಒಳಗೆ ಹುಡುಗಿ ಎದ್ದಿದ್ದಳು. ಒಂದು ಕೈಗವಸು ಬಿಚ್ಚಿಕೊಂಡು ಬಾಯಿಗೆ ತುರುಕಿಕೊಂಡಿದ್ದಳು. ಅವಳು ಹಾಲ್‌ಗೆ ಬಂದಾಗ ಕೋಲ್‌ಬೇನ್ ಅವಳನ್ನು ಗ್ರೋವಾ ಕೈಗೆ ಕೊಟ್ಟು, ಅಟ್ಟಕ್ಕೆ ಫೋನ್ ಮಾಡಿ ಒಂದೇ ಮಾತು ಹೇಳಿದ. “ಹಾಕೇ ಗುರುತು.” ಮನೆ ಹಸಿರಾಯಿತು. ಬೀದಿ ಮುಚ್ಚಿತು.

ಆ ದಿನ ಹಿಮ ಜಾರಲಿಲ್ಲ. ಮಾರನೆಯ ದಿನವೂ ಇಲ್ಲ. ಆಮೇಲೆ ಜಾರಿದ್ದು ಊರಾಚೆಯ ಕಣಿವೆಯಲ್ಲಿ, ಒಂದು ಬೇಲಿಯನ್ನು ಎಳೆದುಕೊಂಡು ಸಮುದ್ರಕ್ಕೆ ಹೋಯಿತು.

ನನಗೆ ಸಿಟ್ಟು ಬರುವುದು ಇಲ್ಲಿ. ಆಗದೆ ಹೋದದ್ದು ಸುದ್ದಿಯಲ್ಲ. ಗುಡ್ಡದ ಹಿಮ ತಡೆಯಲೆಂದು ಅರ್ಧ ಕಟ್ಟಿ ನಿಂತ ತಡೆಗೋಡೆಗೆ ಕಲ್ಲಿನ ಫಲಕವಿದೆ, ಅದರ ಮೇಲೆ ಹೆಸರುಗಳಿವೆ. ರಕ್ಷಣಾ ತಂಡದ ಹೊಸ ಹಿಮಗಾಡಿಗೆ ಹೂಮಾಲೆ ಹಾಕಿ ಫೋಟೊ ತೆಗೆದರು. ನೀವು ಈಗ ಇದನ್ನು ಓದುತ್ತಿರುವ ಇದೇ ಪತ್ರಿಕೆ ಕೂಸಿನ ಗಾಡಿಯ ಜೊತೆ ಕೋಲ್‌ಬೇನ್ ಫೋಟೊ ಹಾಕಿತು. ಅವನು ವರದಿಗಾರನಿಗೆ ಸ್ಟೇನ್ವೋರ್ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದ್ದ. ಅದು ಅಚ್ಚಾಗಲಿಲ್ಲ. ಫಾರಂನೊಳಗಿನ ಫಾರಂನ ಕಥೆ ಯಾರಿಗೆ ಅರ್ಥವಾಗುತ್ತದೆ ಎಂದರಂತೆ. ಯಾರಿಗೆ ಅರ್ಥವಾಗುವುದಿಲ್ಲ, ಸ್ವಾಮಿ? ಶಾಲೆ ಬಿಟ್ಟ ನನಗೆ ಅರ್ಥವಾಯಿತು. ಒಂದು ಮನೆ, ಅದರೊಳಗೆ ಜನ; ಇದಕ್ಕಿಂತ ಹಳೆಯ ಕಥೆ ಯಾವುದಿದೆ? ಮೀನು ಕೊಯ್ಯುತ್ತಿದ್ದ ಹೆಂಗಸು ಅಟ್ಟದಲ್ಲಿ ಕೂತು ‘ಅಳಿಸಲ್ಲ’ ಎಂದದ್ದು ಫೋಟೊದಲ್ಲಿ ಬರುವುದಿಲ್ಲ, ಅಷ್ಟೇ ವಿಷಯ.

ಸ್ಟೇನ್ವೋರ್ ಅವರಿಗೆ ಈ ಸಿಟ್ಟು ಹಿಡಿಸುವುದಿಲ್ಲ. ಕೋಲ್‌ಬೇನ್ ಹೋಗದಿದ್ದರೆ ನನ್ನ ಕೆಂಪು ಬಣ್ಣ ಏನು ಮಾಡುತ್ತಿತ್ತು ಎನ್ನುತ್ತಾರೆ. ಅದೂ ನಿಜ. ಕಾವಲುಗಾರನ ಹೆಂಡತಿ ಅಂದು ಅಟ್ಟ ಹತ್ತಿ ಬರದಿದ್ದರೆ ಆ ಸಾಲೇ ಇರುತ್ತಿರಲಿಲ್ಲ, ಬರೆಯುವುದಿದ್ದರೆ ಅವಳ ಬಗ್ಗೆ ಬರೆ ಎನ್ನುತ್ತಾರೆ. ಅವಳು ಈಗ ಅಂಗಡಿಯಲ್ಲಿ ಸಿಕ್ಕಾಗ ಅವರೇ ಮೊದಲು ದಾರಿ ಬಿಡುತ್ತಾರಂತೆ.

ಏಪ್ರಿಲ್‌ನಲ್ಲಿ, ನಮ್ಮ ಹಳೆಯ ಕ್ಯಾಲೆಂಡರಿನ ಬೇಸಿಗೆಯ ಮೊದಲ ದಿನ, ನೆಲದಲ್ಲಿನ್ನೂ ಹಿಮ ಇರುವಾಗ, ಸೋಲೇಯ ಮಗಳಿಗೆ ಜ್ಞಾನಸ್ನಾನವಾಯಿತು. ಪಾದ್ರಿ ನೀರು ಹಾಕಿ ಹೆಸರು ಹೇಳಿದರು. ಗ್ರೋವಾ. ಅಜ್ಜಿಯ ಹೆಸರು. ಅಜ್ಜಿ ಅತ್ತರು, ಫೆಬ್ರವರಿಯಿಂದ ಆ ಮನೆಯಲ್ಲಿ ಯಾರೂ ಅವರನ್ನು ಒಂದು ಮಾತೂ ಅಂದಿರಲಿಲ್ಲ, ಅದೇ ಅವರಿಗೆ ಭಾರವಾಗಿತ್ತು. ಬೊಜೇನಾ ಕೇಕ್ ಮಾಡಿದ್ದಳು. ಕೋಲ್‌ಬೇನ್ ತಟ್ಟೆ ತುಂಬ ಹಾಕಿಕೊಂಡು ಸ್ಟೇನ್ವೋರ್ ಮುಂದೆ ಬಂದು ನಿಂತು, “ನೋಡು, ತಿಂತಾ ಇದ್ದೀನಿ, ಆಮೇಲೆ ಕೇಳ್ಬೇಡ,” ಎಂದ. ಭೂತದ ಮಾತನ್ನು ಅವನು ಅವತ್ತಿನಿಂದ ಎತ್ತಿಲ್ಲ.

ಸೋಲೇ ಅಲ್ಲೇ ಫೋನ್ ತೆಗೆದು, ಮನೆಯ ಪುಟ ತೆರೆದು, ಖಾಲಿ ಜಾಗದಲ್ಲಿ ಹೆಸರು ಬರೆದಳು. ಸ್ಟೇನ್ವೋರ್ ಕೇಕ್ ಅರ್ಧಕ್ಕೇ ಬಿಟ್ಟು ಅಟ್ಟಕ್ಕೆ ನಡೆದರು. ಒಂದೇ ಮನೆಯಲ್ಲಿ ಎರಡು ಗ್ರೋವಾ. ಹೆಸರು ನೋಡಿ ಗುರುತು ಹಿಡಿಯುವ ಯಂತ್ರವಾದರೆ ಎಡವಬೇಕು. ಎಡವಲಿಲ್ಲ. ಹಳೆಯ ಸಾಲು, ಅದೇ ಕಾಣದ ಸಂಖ್ಯೆ, ಈಗ ಹೆಸರಿನ ಸಮೇತ. ಹೊಸದೇನೂ ಹುಟ್ಟಿರಲಿಲ್ಲ. ಹಳೆಯದೇನೂ ಹೋಗಿರಲಿಲ್ಲ.

ಹೊಸ ವರ್ಷಕ್ಕೆ ದೇಶಕ್ಕೆಲ್ಲ ಒಂದೇ ಪುಟ ಬರುತ್ತದಂತೆ, ರಾಜಧಾನಿಯಿಂದ. ಕಾಲ್ದೇರಿಯದು ಮುಚ್ಚುತ್ತದೆ. ಹೊಸದನ್ನು ಕಟ್ಟಿದವರು ಬಂದು ಹೋದರು, ಒಳ್ಳೆಯ ಹುಡುಗರು, ಒಣಮೀನಿಗೆ ಬೆಣ್ಣೆ ಹಚ್ಚಿಕೊಂಡು ಚೆನ್ನಾಗಿ ತಿಂದರು ಎನ್ನುತ್ತಾರೆ ಸ್ಟೇನ್ವೋರ್. ಹೆಸರಿಲ್ಲದ ಸಾಲಿನ ವಿಷಯ ಆ ಹುಡುಗರಿಗೆ ಹೇಳಿದ್ದಾರೆ, ಅವರು ತಲೆಯಾಡಿಸಿದ್ದಾರೆ. ತಲೆಯಾಡಿಸುವುದನ್ನು ನಾನು ಬಹಳ ಕಂಡಿದ್ದೇನೆ. ನಿಮಗೆ ಏನು ಬೇಕು ಎಂದು ಸ್ಟೇನ್ವೋರ್ ಅವರನ್ನು ಕೇಳುತ್ತೇನೆ. ಫಲಕವೇ, ಹೂವೇ, ಪತ್ರಿಕೆಯಲ್ಲಿ ಕ್ಷಮೆಯೇ?

“ಅಲ್ಲೂ ಯಾರಾದ್ರೂ ಬೆಳಗೆದ್ದು ಒಂದ್ ಸುಳ್ಳು ಮನೆ ಕಟ್ಟಿ ನೋಡ್ಲಿ,” ಎನ್ನುತ್ತಾರೆ. “ಅಷ್ಟ್ ಸಾಕು. ಕೋಟು ಬಿಚ್ಚೋಕ್ ಮುಂಚೆ.”

ಮರುದಿನ ಬೆಳಿಗ್ಗೆ ಮತ್ತೆ ಅಟ್ಟ ಹತ್ತುತ್ತೇನೆ. ಸೊನ್ನೆ ನಂಬರಿನ ಮನೆ ಎದ್ದು ನಿಂತಿದೆ. ಅಜ್ಜ, ಮಗಳು, ನಾಯಿ, ಕೊನೆಯಲ್ಲಿ ಖಾಲಿ ಜಾಗ. ಇಷ್ಟು ವರ್ಷ ಈ ಮನೆಯಲ್ಲಿದ್ದಾಳೆ, ಈ ಕೂಸಿಗೆ ಯಾವಾಗ ಹೆಸರಿಡುತ್ತೀರಿ ಎಂದು ಕೇಳುತ್ತೇನೆ. ಸ್ಟೇನ್ವೋರ್ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

“ಇವಳಿಗೆ ಇಡಲ್ಲ. ಹೆಸರಿರೋರನ್ನ ಯಾರಾದ್ರೂ ಕೂಗ್ತಾರೆ ಕಣೋ. ಇವಳನ್ನ ನೋಡ್ಕೊಳ್ಳೋಕೇ ನಾನಿರೋದು.”

‘ಉಳಿಸು’ ಒತ್ತುತ್ತಾರೆ. ಕೈಕಟ್ಟಿ ಕಾಯುತ್ತಾರೆ.